ಭೂಕಂಪದ ನಂತರ ಮನೆ ಕಟ್ಟಲು ನೆರವು: ನೇಪಾಳದ ಲೆಕ್ಕ, ನೇಪಾಳದ ಕ್ರಮ

ಹೊರದೇಶದಲ್ಲಿ ಭೂಮಿ ನಡುಗಿದಾಗ ಹಣ ಕೂಡಿಸಿ "ಐವತ್ತು ಮನೆ ಕಟ್ಟಿಸಿಕೊಡೋಣ" ಎಂದು ಹೊರಡುವ ಸಂಘ, ಟ್ರಸ್ಟುಗಳಿಗೆ ಈ ಬರಹ. ಉದಾಹರಣೆಗೆ ಹಿಡಿದಿರುವುದು 2015ರ ನೇಪಾಳ. ಏಪ್ರಿಲ್ 25ರಂದು ಗೋರ್ಖಾ ಜಿಲ್ಲೆಯ ಬಾರ್ಪಾಕ್ ಬಳಿ 7.8ರ ತೀವ್ರತೆಯಲ್ಲಿ, ಮೇ 12ರಂದು ಮತ್ತೆ 7.3ರ ತೀವ್ರತೆಯಲ್ಲಿ ಭೂಮಿ ಕಂಪಿಸಿತು. ಸುಮಾರು 9,000 ಜನ ಸತ್ತರು, 5 ಲಕ್ಷದಷ್ಟು ಮನೆ ಪೂರ್ತಿ ಬಿದ್ದವು.

ನಮ್ಮ ಸಲಹೆಯ ತಿರುಳು ಇಷ್ಟು: ಮನೆಯನ್ನು ನೀವು ಕಟ್ಟಬೇಡಿ, ಮನೆಯವರೇ ಕಟ್ಟಲಿ. ಸರ್ಕಾರದ ಅನುದಾನ ಮುಟ್ಟದ ಜಾಗಕ್ಕೆ ನಿಮ್ಮ ಹಣ ಹೋಗಲಿ.

ಮೊದಲು ಹಣದ ಹರಿವು ಅರ್ಥವಾಗಬೇಕು. ಮರುನಿರ್ಮಾಣಕ್ಕೆ ಸುಮಾರು 670 ಕೋಟಿ ಡಾಲರ್ ಬೇಕು ಎಂದು ನೇಪಾಳ ಅಂದಾಜು ಮಾಡಿತ್ತು. 2015ರ ಜೂನ್ 25ರಂದು ಕಠ್ಮಂಡುವಿನಲ್ಲಿ ಸೇರಿದ ದಾನಿ ದೇಶಗಳೂ ಬ್ಯಾಂಕುಗಳೂ 440 ಕೋಟಿ ಡಾಲರಿನಷ್ಟು ಘೋಷಿಸಿದವು. ಘೋಷಿಸಿದ್ದೆಲ್ಲ ದಾನವಲ್ಲ. ಭಾರತದ 100 ಕೋಟಿ ಡಾಲರಿನಲ್ಲಿ 25 ಕೋಟಿ ಅನುದಾನ, 75 ಕೋಟಿ ಸಾಲ. ಹಣ ಹಂಚಬೇಕಾದ ರಾಷ್ಟ್ರೀಯ ಪುನರ್ನಿರ್ಮಾಣ ಪ್ರಾಧಿಕಾರ ಗಟ್ಟಿಯಾಗಿ ಕಾಲೂರಿದ್ದು ಆ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಒಂದು ಮಳೆಗಾಲ ಮುಗಿದು ಚಳಿ ಬಂದಿತ್ತು, ಭಾರತದ ಗಡಿಯಲ್ಲಿ ಸರಕು ಸಾಗಣೆ ನಿಂತಿದ್ದರಿಂದ ಇಂಧನವೂ ಇರಲಿಲ್ಲ. ಆದ್ದರಿಂದ ಮೊದಲ ವರ್ಷದ ಬಜೆಟ್ಟಿನಲ್ಲಿ ಮನೆಯ ಬಾಬತ್ತನ್ನು ಕಡಿಮೆ ಇಡಿ, ತಾತ್ಕಾಲಿಕ ಸೂರಿಗೆ ಹೆಚ್ಚು ಇಡಿ. ತಗಡಿನ ಶೀಟನ್ನು ತೆಳ್ಳಗಿನದು ಕೊಳ್ಳದೆ, ಮುಂದೆ ಪಕ್ಕಾ ಮನೆಯ ಮೇಲೂ ಹಾಕಬಹುದಾದಷ್ಟು ದಪ್ಪದ್ದೇ ಕೊಳ್ಳಿ. ಹಳೇ ಬಟ್ಟೆ ಕಳಿಸುವ ಮಾತು ಎತ್ತಲೇಬೇಡಿ.

ಕರ್ನಾಟಕದಲ್ಲಿ ನೋಂದಾಯಿತ ಟ್ರಸ್ಟು ನಿಮ್ಮದಾದರೆ, ದೇಣಿಗೆ ಎತ್ತುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿ. ಭಾರತದ ಹೊರಗೆ ಖರ್ಚು ಮಾಡಿದ ಹಣಕ್ಕೆ ಆದಾಯ ತೆರಿಗೆ ವಿನಾಯಿತಿ ತಾನಾಗಿ ಸಿಗುವುದಿಲ್ಲ, ಕೇಂದ್ರ ನೇರ ತೆರಿಗೆ ಮಂಡಳಿಯ ಒಪ್ಪಿಗೆ ಬೇಕು. ಅಲ್ಲಿ ಕೆಲಸ ಮಾಡಲು ನೇಪಾಳದ ಸಮಾಜ ಕಲ್ಯಾಣ ಪರಿಷತ್ತಿನ ಅನುಮತಿಯೂ ಬೇಕು. ಎರಡೂ ಇಲ್ಲದ ಸಣ್ಣ ಸಂಘಕ್ಕೆ, ಈಗಾಗಲೇ ಅನುಮತಿ ಪಡೆದ ಸಂಸ್ಥೆಯ ಜೊತೆ ಒಂದು ಊರಿನ ಮಟ್ಟಿಗೆ ಕೈಜೋಡಿಸುವುದೇ ಸರಿಯಾದ ದಾರಿ.

ಅನುದಾನದ ಕಂತು

ನೇಪಾಳ ಕೊಟ್ಟದ್ದು ಮನೆಗೆ 3 ಲಕ್ಷ ನೇಪಾಳಿ ರೂಪಾಯಿ. ಮೊದಲು 2 ಲಕ್ಷ ಎಂದಿದ್ದದ್ದನ್ನು ಆಮೇಲೆ ಏರಿಸಿದರು. ನಮ್ಮ 1 ರೂಪಾಯಿಗೆ ಅವರ 1.60 ಎಂಬ ದರ ನಿಗದಿಯಾಗಿರುವುದರಿಂದ ಅದು ನಮ್ಮ 1,87,500 ರೂಪಾಯಿ. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಬ್ಯಾಂಕ್ ಖಾತೆಗೆ 50,000, ಪ್ಲಿಂತ್ ಮಟ್ಟ, ಅಂದರೆ ಪಾಯದಿಂದ ಮನೆಯ ನೆಲದವರೆಗಿನ ಕಟ್ಟಡ, ಮುಗಿದು ಎಂಜಿನಿಯರ್ ಒಪ್ಪಿದ ಮೇಲೆ 1,50,000, ಗೋಡೆ ಮೇಲಕ್ಕೆ ಬಂದ ಮೇಲೆ ಉಳಿದ 1 ಲಕ್ಷ. ಪೂರ್ತಿ ಬೀಳದ, ಬಲಪಡಿಸಬಹುದಾದ ಮನೆಗೆ ಬೇರೆಯಾಗಿ 1 ಲಕ್ಷ.

ಈ ಕ್ರಮ ಒಳ್ಳೆಯದು. ಹಣ ಮುಂದೆ ಹೋಗಬೇಕಾದರೆ ಗೋಡೆ ನಿಯಮದಂತೆ ಏಳಲೇಬೇಕು. ತೊಡಕು ಮೂರು ಕಡೆ. ಜಮೀನಿನ ಹಕ್ಕುಪತ್ರ, ಅಂದರೆ ಲಾಲ್‌ಪುರ್ಜಾ, ಇಲ್ಲದವರು ಪಟ್ಟಿಯ ಹೊರಗೆ ಉಳಿದರು. ಕೈಯಲ್ಲಿ ಕಾಸಿಲ್ಲದವರು ಮೊದಲ 50,000ದಲ್ಲಿ ಪ್ಲಿಂತ್ ದಾಟಲಾಗದೆ ಸಾಲಕ್ಕೆ ಬಿದ್ದರು. ಇನ್ನು ಕೆಲವರು ಕಂತು ತಪ್ಪಬಾರದೆಂದು ಒಂದೇ ಕೋಣೆಯ ಗೂಡು ಕಟ್ಟಿ ಹಣ ಪಡೆದು, ಹಳೆಯ ಬಿರುಕು ಮನೆಯಲ್ಲೇ ಮಲಗಿದರು. ಒಂದು ಕೋಣೆಯಲ್ಲಿ ಜೋಳದ ತೆನೆ, ಒಲೆ, ಐದು ಜನ ಹಿಡಿಯುವುದಿಲ್ಲ, ತಪ್ಪು ಅವರದಲ್ಲ.

ನಿಮ್ಮ ಹಣ ಹೋಗಬೇಕಾದದ್ದು ಈ ಮೂರು ಬಿರುಕಿಗೆ. ಹಕ್ಕುಪತ್ರದ ಕಡತ ಓಡಿಸಲು ಕಾನೂನು ಬಲ್ಲ ಒಬ್ಬರನ್ನು ಸಂಬಳಕ್ಕೆ ಇಡಿ. ಕಂತುಗಳ ನಡುವೆ ಬಡ್ಡಿಯಿಲ್ಲದ ಕೈಸಾಲದ ನಿಧಿ ಮಾಡಿ, ಎರಡನೇ ಕಂತು ಬಂದಾಗ ಅದು ತಿರುಗಿ ಬಂದು ಮುಂದಿನ ಮನೆಗೆ ಹೋಗಲಿ. ಒಬ್ಬರೇ ಇರುವ ವೃದ್ಧರು, ವಿಧವೆಯರು, ಅಂಗವಿಕಲರು, ಹೆತ್ತವರಿಲ್ಲದ ಮಕ್ಕಳು ಇರುವ ಮನೆಗೆ ಅನುದಾನದ ಮೇಲೆ ನೇರವಾಗಿ ಸೇರಿಸಿ ಕೊಡಿ. ಅವರಿಗೆ ಹಣವಿದ್ದರೂ ಕಲ್ಲು ಹೊರುವ ಕೈ ಇಲ್ಲ. ನೇಪಾಳದ ಹಳ್ಳಿಗಳಲ್ಲಿ ಪರ್ಮ ಎಂಬ ಮುಯ್ಯಾಳು ಪದ್ಧತಿ ಇದೆ, ಆದರೆ ತಿರುಗಿ ಮುಯ್ಯಿ ತೀರಿಸಲಾಗದವರನ್ನು ಯಾರೂ ಕರೆಯುವುದಿಲ್ಲ. ಅಂಥ ಮನೆಗೆ ಕೂಲಿಯವರನ್ನೇ ಗೊತ್ತುಮಾಡಿ. ಗೋರ್ಖಾ, ನುವಾಕೋಟ್ ಜಿಲ್ಲೆಗಳಲ್ಲಿ ಭಾರತದ ನೆರವಿನ 50,000 ಮನೆಗಳೂ ಈ ಅನುದಾನದ ಕ್ರಮದಲ್ಲೇ ಎದ್ದವು. ಕಟ್ಟಿದವರು ಮನೆಯವರೇ, ತಾಂತ್ರಿಕ ಸಹಾಯಕ್ಕೆ ವಿಶ್ವಸಂಸ್ಥೆಯ ಎರಡು ಸಂಸ್ಥೆಗಳು ನಿಂತವು.

ಗೋಡೆ

ಹೆಚ್ಚಿನ ಸಾವಿಗೆ ಕಾರಣವಾದದ್ದು ಮಣ್ಣಿನ ಗಾರೆಯ ಕಲ್ಲುಗೋಡೆ. 1993ರ ಭೂಕಂಪದಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲಾರಿಯಲ್ಲಿ ಬಿದ್ದದ್ದೂ ಇದೇ ಬಗೆಯದು. ಹೊರಮೈಗೊಂದು ಸಾಲು, ಒಳಮೈಗೊಂದು ಸಾಲು ಕಲ್ಲಿಟ್ಟು ನಡುವೆ ಚೂರು ತುಂಬುತ್ತಾರೆ. ನೆಲ ಅಲುಗಿದೊಡನೆ ಚೂರು ಕೆಳಗಿಳಿದು ಎರಡು ಸಾಲನ್ನೂ ಹೊರಕ್ಕೆ ನೂಕುತ್ತದೆ. ಕಲ್ಲನ್ನೇ ಬಿಟ್ಟು ಸಿಮೆಂಟ್ ಇಟ್ಟಿಗೆಗೆ ಹೋಗಿ ಎಂದು ಹೇಳುವುದು ಸುಲಭ, ಗುಡ್ಡದ ಮೇಲಿನ ಊರಿಗೆ ಅದು ಆಗದ ಮಾತು. ಕಲ್ಲನ್ನೇ ಸರಿಯಾಗಿ ಕಟ್ಟಿಸಿ:

ಗೋಡೆ 350 ಮಿ.ಮೀ. ದಪ್ಪ ಸಾಕು, 450 ದಾಟಬಾರದು. ದಪ್ಪ ಗೋಡೆ ಗಟ್ಟಿ ಎಂಬ ನಂಬಿಕೆ ಎಲ್ಲೆಡೆ ಇದೆ. ದಪ್ಪವಾದಷ್ಟೂ ನಡುವೆ ಚೂರು ಹೆಚ್ಚು, ಭಾರ ಹೆಚ್ಚು. ಎತ್ತರ 3 ಮೀಟರ್ ಒಳಗೆ, ಒಂದು ಅಂತಸ್ತು, ಮೇಲೆ ಬೇಕಿದ್ದರೆ ಹಗುರ ಅಟ್ಟ. ಗೋಡೆಯ ಎರಡೂ ಮೈ ಮುಟ್ಟುವ ಉದ್ದಗಲ್ಲು ಎತ್ತರದಲ್ಲಿ 600 ಮಿ.ಮೀ.ಗೊಂದು, ಉದ್ದಕ್ಕೆ 1.2 ಮೀಟರಿಗೊಂದು. ಅಷ್ಟು ಉದ್ದದ ಕಲ್ಲು ಸಿಗದಿದ್ದರೆ ಎರಡು ತುದಿ ಬಗ್ಗಿಸಿದ ಸರಳನ್ನು ಕಾಂಕ್ರೀಟಿನಲ್ಲಿ ಹುದುಗಿಸಿ. ಬಾಗಿಲು ಕಿಟಕಿ ಮೂಲೆಯಿಂದ ಕನಿಷ್ಠ 600 ಮಿ.ಮೀ. ದೂರ ಇರಲಿ. ಮೂಲೆಗಳಲ್ಲಿ ಪಾಯದಿಂದ ಸೂರಿನವರೆಗೆ ನಿಲುವು ಸರಳು.

ಇವೆಲ್ಲಕ್ಕಿಂತ ಮುಖ್ಯ, ಮನೆಯನ್ನು ಸುತ್ತುವ ಬ್ಯಾಂಡ್, ಅಂದರೆ ಗೋಡೆಯ ಉದ್ದಕ್ಕೂ ಓಡುವ ಸರಳು ಕಟ್ಟಿದ ಕಾಂಕ್ರೀಟಿನ ಪಟ್ಟಿ. ಪ್ಲಿಂತ್, ಕಿಟಕಿಯ ಕೆಳಗೆ, ಬಾಗಿಲು ಕಿಟಕಿಯ ಮೇಲಿನ ಲಿಂಟಲ್, ಸೂರು, ನಾಲ್ಕು ಮಟ್ಟದಲ್ಲಿ ಬೇಕು, ಎಲ್ಲೂ ತುಂಡಾಗಬಾರದು. ಲೆಕ್ಕ ಹೀಗೆ ಹಾಕಿ: 6×4 ಮೀಟರಿನ ಮನೆ, ನಡುವೆ ಒಂದು ಅಡ್ಡಗೋಡೆ, ಒಟ್ಟು ಬ್ಯಾಂಡಿನ ಉದ್ದ ಸುಮಾರು 24 ಮೀಟರ್. 350 ಮಿ.ಮೀ. ಅಗಲ, 150 ದಪ್ಪದ ಪ್ಲಿಂತ್ ಬ್ಯಾಂಡಿಗೆ 1.25 ಘನ ಮೀಟರ್ ಕಾಂಕ್ರೀಟು. ಸಿಮೆಂಟ್, ಮರಳು, ಜಲ್ಲಿ 1:1.5:3ರ ಮಿಶ್ರಣಕ್ಕೆ ಘನ ಮೀಟರಿಗೆ 8 ಚೀಲದಂತೆ 10 ಚೀಲ ಸಿಮೆಂಟ್. ಮೇಲಿನ ಮೂರು ಬ್ಯಾಂಡು 75 ಮಿ.ಮೀ. ದಪ್ಪದವಾದರೆ ತಲಾ 5 ಚೀಲ. ಒಟ್ಟು 25 ಚೀಲ. ವ್ಯರ್ಥಕ್ಕೆಂದು ಇನ್ನೆರಡು ಸೇರಿಸಿ. ರಸ್ತೆ ಮುಗಿದ ಮೇಲೆ ಹೇಸರಗತ್ತೆಯ ಬಾಡಿಗೆ ಸಿಮೆಂಟಿನ ಬೆಲೆಯನ್ನೇ ಮೀರಬಹುದು, ಅದನ್ನು ಬಜೆಟ್ಟಿನಲ್ಲಿ ಬೇರೆ ಸಾಲಾಗಿ ತೋರಿಸಿ. ಅದೂ ಆಗದ ಊರಲ್ಲಿ ಮರದ ಬ್ಯಾಂಡ್ ನಡೆಯುತ್ತದೆ: 75×38 ಮಿ.ಮೀ.ನ ಎರಡು ಉದ್ದಪಟ್ಟಿ, ನಡುವೆ 500 ಮಿ.ಮೀ.ಗೊಂದು ಅಡ್ಡಪಟ್ಟಿ, ಮೂಲೆಯಲ್ಲಿ ಕೊರೆದು ಕೂಡಿಸಿ ಮೊಳೆ ಹೊಡೆಯಬೇಕು.

ಕಾಂಕ್ರೀಟಿಗೆ ನೀರು ಹೆಚ್ಚು ಸುರಿಯುವುದು, ಕ್ಯೂರಿಂಗ್, ಅಂದರೆ ನೀರುಣಿಸಿ ತೇವ ಕಾಯುವುದನ್ನು, ಎರಡೇ ದಿನಕ್ಕೆ ನಿಲ್ಲಿಸುವುದು, ಇವೆರಡೇ ಅತಿ ಸಾಮಾನ್ಯ ಕೆಡುಕು. ನೀರು ದೂರದಿಂದ ಹೊರುವ ಊರಲ್ಲಿ ಗೋಣಿಚೀಲ ಹೊದಿಸಿ ಕನಿಷ್ಠ 7 ದಿನ ತೇವ ಹಿಡಿಯಬೇಕು. ಊರಿಗೊಂದು ನೀರಿನ ಪೈಪು, ಟ್ಯಾಂಕು ಮಾಡಿಸಿಕೊಟ್ಟರೆ ಅದು ಹತ್ತು ಚೀಲ ಸಿಮೆಂಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಕೈಕೆಲಸದವರು, ಕಾಲ, ತಪಾಸಣೆ

ಊರಿನ ಯುವಕರು ಕೊಲ್ಲಿ ದೇಶಗಳಲ್ಲಿ, ಮಲೇಷ್ಯಾದಲ್ಲಿ ದುಡಿಯುತ್ತಿದ್ದರಿಂದ ಮೇಸ್ತ್ರಿಗಳೇ ಸಿಗಲಿಲ್ಲ. ಅನುಭವಿಗಳಿಗೆ 7 ದಿನದ ತರಬೇತಿ, ಹೊಸಬರಿಗೆ ಕೆಲಸದ ಜೊತೆಗೇ 50 ದಿನದ್ದು, ಇದು ಅಲ್ಲಿ ಬಳಕೆಯಾದ ಅಳತೆ. ಹೊಸಬರ ತರಬೇತಿಯಲ್ಲಿ ಏಳುವ ಗೋಡೆ ಒಂಟಿ ವೃದ್ಧರ ಮನೆಯದೇ ಆಗಿರಲಿ, ಒಂದೇ ಹಣದಲ್ಲಿ ಎರಡು ಕೆಲಸ ಆಗುತ್ತದೆ. ಹೆಂಗಸರನ್ನು ಬಿಡಬೇಡಿ, ಊರಲ್ಲಿ ಉಳಿಯುವವರು ಅವರೇ.

ಕಟ್ಟಡದ ಕಾಲ ನವೆಂಬರಿನಿಂದ ಮೇವರೆಗೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಆಮೇಲೆ ದಶೈಂ, ತಿಹಾರ್ ಹಬ್ಬ, ಕೆಲಸ ನಿಲ್ಲುತ್ತದೆ. ಎತ್ತರದ ಊರುಗಳಲ್ಲಿ ನಡುಚಳಿಗೆ ಹಸಿ ಗಾರೆ ಹೆಪ್ಪುಗಟ್ಟುತ್ತದೆ, ಅಲ್ಲಿ ಈ ಕಾಲದಿಂದ ಇನ್ನೂ ಎರಡು ತಿಂಗಳು ಕಡಿಮೆ ಮಾಡಿ. ದಾನಿಗಳ ಹಣಕಾಸು ವರ್ಷಕ್ಕೆ ಇದು ಹೊಂದುವುದಿಲ್ಲ. ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕೆಂದು ಅವಸರದಲ್ಲಿ ಎಬ್ಬಿಸಿದ ಗೋಡೆಯೇ ಮೊದಲು ಬಿರಿಯುತ್ತದೆ.

ಎಂಜಿನಿಯರ್ ಕನಿಷ್ಠ ಆರು ಸಲ ಬರಬೇಕು: ಗುರುತು ಹಾಕುವಾಗ, ಪಾಯ ತೋಡಿದ ಮೇಲೆ, ಆಮೇಲೆ ನಾಲ್ಕು ಬ್ಯಾಂಡಿಗೂ ಸರಳು ಕಟ್ಟಿ ಕಾಂಕ್ರೀಟು ಸುರಿಯುವ ಮೊದಲು. ಕಾಂಕ್ರೀಟು ಬಿದ್ದ ಮೇಲೆ ಬಂದರೆ ಒಳಗೆ ಸರಳಿದೆಯೋ ಇಲ್ಲವೋ ಹೇಳಲು ಬರುವುದಿಲ್ಲ, ಕಂತು ಅಲ್ಲೇ ಸಿಕ್ಕಿಬೀಳುತ್ತದೆ. ರಸ್ತೆ ಕೆಟ್ಟು ಅವರು ಬರಲಾಗದ ದಿನಕ್ಕೆ ಮನೆಯವರ ಫೋನಿನಲ್ಲೇ ಚಿತ್ರ ತೆಗೆಸಿ; ಅಳತೆಪಟ್ಟಿ ಸರಳಿನ ಪಕ್ಕದಲ್ಲಿ ಕಾಣಬೇಕು, ಮನೆಯ ಸಂಖ್ಯೆ ಬರೆದ ಹಲಗೆಯೂ ಕಾಣಬೇಕು.

ಆಗಲೇ ತಪ್ಪಾಗಿ ಎದ್ದ ಗೋಡೆಯನ್ನು ಕೆಡವಿ ಎನ್ನುವ ಮೊದಲು ತಿದ್ದಲು ಬರುತ್ತದೆಯೇ ನೋಡಿ. ಉದ್ದಗಲ್ಲು ತಪ್ಪಿದ್ದರೆ ಗೋಡೆಯನ್ನು ಮೆಲ್ಲಗೆ ತೂತು ಮಾಡಿ, ಬಗ್ಗಿಸಿದ ಸರಳಿಟ್ಟು ಕಾಂಕ್ರೀಟು ತುಂಬಬಹುದು. ಎತ್ತರ ಮೀರಿದ್ದರೆ ಮೇಲಿನ ಸಾಲು ಇಳಿಸಿ, ಆ ಭಾಗಕ್ಕೆ ಮರದ ಚೌಕಟ್ಟು, ತಗಡು ಹಾಕಿಸಿ. ಪ್ಲಿಂತ್ ಬ್ಯಾಂಡೇ ಇಲ್ಲದ, ಬುಡ ಕುಸಿಯುವ ಇಳಿಜಾರಿನ ಮನೆಗೆ ಮಾತ್ರ ಹೊಸ ಜಾಗ ಹುಡುಕಬೇಕು, ಆ ಖರ್ಚನ್ನು ಮನೆಯವರ ತಲೆಗೆ ಕಟ್ಟದೆ ಯೋಜನೆಯೇ ಹೊರಬೇಕು.