ಕಾರಿನ ಹೆಡ್‌ಲೈಟ್ ಒಮ್ಮೆ ಹತ್ತಿ ಒಮ್ಮೆ ಆರುತ್ತಿದ್ದರೆ

ಹೀಗಾದಾಗ ಸುಮ್ನೆ ಹೊಸ ಬಲ್ಬ್ ತರಬೇಡಿ. ಎರಡೂ ದೀಪ ಒಟ್ಟಿಗೆ ಆರುತ್ತವಾ, ಒಂದೇನಾ ಅಂತ ಮೊದಲು ನೋಡಿ. ಎರಡೂ ಆದರೆ ಸ್ವಿಚ್ ಅಥವಾ ರಿಲೇ (ಸ್ವಿಚ್ ಹಾಕಿದಾಗ ದೀಪಕ್ಕೆ ಕರೆಂಟ್ ಬಿಡುವ ಪುಟ್ಟ ಡಬ್ಬಿ) ಮೇಲೆ ಅನುಮಾನ. ಫ್ಯೂಸ್ ಬಾಕ್ಸ್‌ನಲ್ಲಿ ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಅದಲುಬದಲು ಮಾಡಿ ನೋಡಿ.

ಒಂದೇ ದೀಪ ಆದರೆ ನನ್ನ ಅನುಮಾನ ಬಲ್ಬಿನ ಹಿಂದಿನ ಕನೆಕ್ಟರ್ ಮೇಲೆ. ಲೈಟ್ ಹಾಕಿಟ್ಟು ಅದರ ವೈರನ್ನು ಮೆಲ್ಲಗೆ ಅಲುಗಾಡಿಸಿ. ಮಿಣುಕಿತಾ? ಜಾಗ ಸಿಕ್ಕಿತು. ಲೈಟ್ ಆರಿಸಿ, ಬಲ್ಬ್ ತಣ್ಣಗಾದ ಮೇಲೆ ಕನೆಕ್ಟರ್ ಬಿಚ್ಚಿ. ನನ್ನ ಕಾರಿನಲ್ಲಿ ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. 55 ವ್ಯಾಟ್ ಬಲ್ಬಿಗೆ ನಾಲ್ಕೂವರೆ ಆಂಪಿಯರ್‌ನಷ್ಟು ಕರೆಂಟ್ ಹರಿಯುತ್ತದೆ, ಪಿನ್ ಸಡಿಲ ಇದ್ದರೆ ಅಲ್ಲೇ ಬಿಸಿಯಾಗುತ್ತದೆ. ಹೀಗೆ ಸುಟ್ಟಿದ್ದರೆ ಕನೆಕ್ಟರನ್ನೇ ಬದಲಿಸಿ. ಬರೀ ಹಸಿರು ಕಿಲುಬು ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು.

ಕಾರಿನ ಬಾಡಿಯ ಮೇಲೆ ಬೋಲ್ಟ್ ಹಾಕಿದ ಅರ್ತ್ ವೈರನ್ನೂ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಮರೀಬೇಡಿ. ತುಕ್ಕು ಉಜ್ಜಿ, ಬಿಗಿ ಮಾಡಿ.

ಹ್ಯಾಲೊಜೆನ್ ಬಲ್ಬಿನ ಗಾಜು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ತಾಗಿದರೆ ಬಲ್ಬ್ ಬೇಗ ಸುಟ್ಟುಹೋಗುತ್ತದೆ. ಕ್ಸೆನಾನ್ ದೀಪ ಇದ್ದರೆ ದಯವಿಟ್ಟು ಕೈ ಹಾಕಲೇಬೇಡಿ. ಅದರಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಕಾರಿನ ಎಲೆಕ್ಟ್ರಿಷಿಯನ್‌ಗೇ ಕೊಡಿ.