ಫ್ಲಾಪಿ ಕ್ಯಾಮೆರಾದಲ್ಲಿ ಫೋಟೋ ಸರಣಿ ಮಾಡೋದು ಹೇಗೆ

ಸೋನಿ ಮ್ಯಾವಿಕಾ ಎಫ್‌ಡಿ7 ಅನ್ನೋ ಡಿಜಿಟಲ್ ಕ್ಯಾಮೆರಾ ಬಂದಿದ್ದು 1997ರಲ್ಲಿ. ಫೋಟೋ ನೇರವಾಗಿ 1.44 ಎಂಬಿ ಫ್ಲಾಪಿಗೆ, ಅಂದರೆ ಹಳೇ ಕಂಪ್ಯೂಟರಿನ ಚಪ್ಪಟೆ ಡಿಸ್ಕಿಗೆ ಹೋಗುತ್ತದೆ, ಸೈಜು ಬರೀ 640×480 ಪಿಕ್ಸೆಲ್. ಇಂಥದ್ದು ಕೈಗೆ ಸಿಕ್ಕರೆ ಸುಮ್ನೆ ಕಂಡಿದ್ದೆಲ್ಲ ಕ್ಲಿಕ್ ಮಾಡಬೇಡಿ. ಒಂದು ಫ್ಲಾಪಿಗೆ ಒಂದೇ ವಿಷಯ ಇಟ್ಟುಕೊಳ್ಳಿ, ಒಂದು ಬೀದಿಯ ಅಂಗಡಿ ಬೋರ್ಡುಗಳೋ, ಒಂದೇ ಬಸ್ ಸ್ಟಾಪೋ. ಫೈನ್ ಮೋಡ್‌ನಲ್ಲಿ (ಹೆಚ್ಚು ಗುಣಮಟ್ಟದ ಸೆಟ್ಟಿಂಗ್) ಸುಮಾರು 15ರಿಂದ 20 ಫೋಟೋಗೆ ಡಿಸ್ಕ್ ತುಂಬುತ್ತದೆ, ಒಂದು ಸರಣಿಗೆ ಅಷ್ಟು ಸಾಕಲ್ವಾ?

ಹಳೇ ಫ್ಲಾಪಿಯನ್ನು ನಂಬಬೇಡಿ. ಮೊದಲೇ ಫಾರ್ಮ್ಯಾಟ್ ಮಾಡಿ, ಎರಡು ಜಾಸ್ತಿ ಇಟ್ಟುಕೊಳ್ಳಿ.

ಮರದ ಎಲೆ, ದೂರದ ಮುಖ, ಸಣ್ಣ ಅಕ್ಷರ ಎಲ್ಲ ಕಲಸಿದ ಮುದ್ದೆಯ ಹಾಗೆ ಬರುತ್ತವೆ, ಹಾಗಾಗಿ ಹತ್ತಿರ ಹೋಗಿ, ಇಲ್ಲಾಂದ್ರೆ 10ಎಕ್ಸ್ ಝೂಮ್ ಬಳಸಿ, ಒಂದು ದೊಡ್ಡ ಆಕಾರ, ಒಂದು ಗಾಢ ಬಣ್ಣ ಮಾತ್ರ ಫ್ರೇಮಿನಲ್ಲಿ ತುಂಬಿಸಿ. ಹಳೇ ಸಿಸಿಡಿಗೆ, ಅಂದರೆ ಬೆಳಕನ್ನು ಚಿತ್ರವಾಗಿಸುವ ಸೆನ್ಸರ್‌ಗೆ, ಜೋರು ಬೆಳಕು ತಡೆಯೋದಿಲ್ಲ. ಸೂರ್ಯನನ್ನೋ ಹೆಡ್‌ಲೈಟನ್ನೋ ಒಳಗೆ ತಂದರೆ ಮೇಲಿಂದ ಕೆಳಗೆ ಬಿಳಿ ಗೆರೆ ಎಳೆದುಕೊಳ್ಳಬಹುದು. ಬೇಕಂತಲೇ ಅದನ್ನು ಬಳಸಿ, ನನಗಂತೂ ಈ ಕ್ಯಾಮೆರಾದ ಅಸಲಿ ಮಜಾ ಅದೇ. ಕ್ಲಿಕ್ ಆದಮೇಲೆ ಡ್ರೈವ್ ಗರ್ರ್ ಅಂತ ಬರೆದು ಮುಗಿಸುವವರೆಗೂ ಫ್ಲಾಪಿ ತೆಗೆಯಬೇಡಿ.

ಯುಎಸ್‌ಬಿ ಫ್ಲಾಪಿ ಡ್ರೈವ್‌ನಿಂದ ಅವತ್ತೇ ಕಾಪಿ ಮಾಡಿಕೊಳ್ಳಿ. ದೊಡ್ಡದು ಮಾಡಬೇಕಿದ್ದರೆ ಫೋಟೋ ಎಡಿಟಿಂಗ್ ಸಾಫ್ಟ್‌ವೇರ್‌ನ ನಿಯರೆಸ್ಟ್ ನೇಬರ್ (ಪಿಕ್ಸೆಲ್ ಮಸುಕು ಮಾಡದೆ ಹಾಗೇ ಹಿಗ್ಗಿಸುವ) ಆಯ್ಕೆಯಲ್ಲಿ ಸರಿಯಾಗಿ ಮೂರು ಪಟ್ಟು, ಅಂದರೆ 1920×1440 ಮಾಡಿ. ಪಿಕ್ಸೆಲ್ ಚೌಕಗಳು ಚೂಪಾಗಿಯೇ ಉಳಿಯುತ್ತವೆ.