ಕೂತವರ ಕಣ್ಣಿಗೆ ಸಿಗುವಂತೆ: ಮನೆ ಗೋಡೆಗೆ ಚಿತ್ರ ಹಾಕಿದ ನನ್ನ ಅನುಭವ

ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಚಿತ್ರಗಳು ತುಂಬಾ ಮೇಲಿರುತ್ತವೆ. ಹಳೇ ಮನೆಗಳಲ್ಲಿ ಅದಕ್ಕೆ ಕಾರಣ ಇತ್ತು. ದೇವರ ಪಟ, ಹಿರಿಯರ ಫೋಟೋ ಎಲ್ಲ ಬಾಗಿಲ ಮೇಲಿನ ಸಾಲಿನಲ್ಲಿ ಇರುತ್ತಿದ್ದವು. ಆದರೆ ಮೇಲಂಚು ಗೋಡೆಯಿಂದ ಮುಂದಕ್ಕೆ ಬಾಗಿರುವ ಹಾಗೆ ದಾರ ಕಟ್ಟುತ್ತಿದ್ದರು. ಚಾಪೆಯ ಮೇಲೆ ಕೂತವರು ತಲೆ ಎತ್ತಿದರೆ ಪಟ ನೆಟ್ಟಗೆ ಕಾಣುತ್ತಿತ್ತು, ಗಾಜಿನ ಹೊಳಪೂ ಕಣ್ಣಿಗೆ ಹೊಡೆಯುತ್ತಿರಲಿಲ್ಲ. ಈಗ ನಾವು ಎತ್ತರ ಉಳಿಸಿಕೊಂಡು ಬಾಗು ಬಿಟ್ಟಿದ್ದೇವೆ.

ಗ್ಯಾಲರಿಗಳಲ್ಲಿ ಸಾಮಾನ್ಯವಾಗಿ ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರಕ್ಕೆ ಬರುವ ಹಾಗೆ ತೂಗುಹಾಕುತ್ತಾರೆ. ಅಲ್ಲಿ ಜನ ನಿಂತು ನೋಡುತ್ತಾರೆ. ಮನೆ ಹಾಲಿನಲ್ಲಿ ನಿಂತುಕೊಂಡು ಯಾರು ನೋಡುತ್ತಾರೆ? ಕಾಫಿ ಕುಡಿಯುವಾಗ, ಹುರುಳಿಕಾಯಿ ನಾರು ತೆಗೆಯುವಾಗ, ಫೋನಲ್ಲಿ ಮಾತಾಡುವಾಗ ಕೂತೇ ಇರುತ್ತೇವೆ. ಅದಕ್ಕೇ ಬೆಂಗಳೂರಿನ ಫ್ಲ್ಯಾಟಿಗೆ ಬಂದಾಗ ನಾನು ಮೊದಲು ಮಾಡಿದ್ದು ಇಷ್ಟೇ: ಎಲ್ಲರೂ ದಿವಾನದ ಮೇಲೆ ಕೂತಾಗ ಕಣ್ಣು ಎಷ್ಟು ಎತ್ತರದಲ್ಲಿರುತ್ತದೆ ಅಂತ ಟೇಪು ಹಿಡಿದು ಅಳೆದೆ. ಹೆಚ್ಚುಕಮ್ಮಿ 115 ಸೆಂಟಿಮೀಟರ್ ಬಂತು. ಹಾಲಿನಲ್ಲಿ ಚಿತ್ರಗಳ ನಡುಭಾಗ 125ರಿಂದ 130ರ ಒಳಗೆ ಇರಲಿ ಅಂತ ನಿರ್ಧಾರ ಮಾಡಿದೆ. ಸೋಫಾದ ಮೇಲಿನ ಗೋಡೆಯಲ್ಲಿ ಮಾತ್ರ ಸ್ವಲ್ಪ ಲೆಕ್ಕ ಬೇಕು. ಒರಗಿದವರ ತಲೆ ತಾಗಬಾರದು. ಹಾಗಾಗಿ ಸೋಫಾದ ಬೆನ್ನಿನಿಂದ ಒಂದು ಗೇಣು ಬಿಟ್ಟು ಚಿತ್ರದ ಕೆಳಂಚು ಶುರುವಾಗುತ್ತದೆ. ಅಲ್ಲಿಂದ ಮೇಲಕ್ಕೆ ಹೋದರೆ ಚಿತ್ರಕ್ಕೂ ಸೋಫಾಗೂ ಸಂಬಂಧವೇ ಇಲ್ಲದ ಹಾಗೆ ಕಾಣುತ್ತದೆ.

ಗೋಡೆ ಖಾಲಿ ಇದೆ ಅಂತ ಚಿತ್ರ ಹುಡುಕಲು ಹೊರಡಬೇಡಿ. ಮನಸ್ಸಿಗೆ ಹಿಡಿಸಿದ್ದು ಮೊದಲು ಸಿಗಲಿ, ಜಾಗ ಆಮೇಲೆ ಸಿಗುತ್ತದೆ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ನಡೆಸುವ ಚಿತ್ರಸಂತೆ ಇದಕ್ಕೆ ಬಹಳ ಒಳ್ಳೆಯ ಜಾಗ. ನೂರಿನ್ನೂರು ರೂಪಾಯಿಯ ಸ್ಕೆಚ್ಚಿನಿಂದ ಲಕ್ಷದ ಕ್ಯಾನ್ವಾಸಿನವರೆಗೆ ಫುಟ್‌ಪಾತಿನಲ್ಲೇ ಸಿಗುತ್ತವೆ. ಬರೆದವರೇ ಪಕ್ಕದಲ್ಲಿ ಕೂತಿರುತ್ತಾರೆ. ನಾನು ಬೆಳಿಗ್ಗೆ ಬೇಗ ಹೋಗಿ ಒಂದು ಸುತ್ತು ಸುಮ್ನೆ ನೋಡುತ್ತೇನೆ, ಏನೂ ಕೊಳ್ಳುವುದಿಲ್ಲ. ಆಮೇಲೆ ಟೀ ಕುಡಿಯುತ್ತಾ ಯಾವುದು ನೆನಪಿನಲ್ಲಿ ಉಳಿದಿದೆ ನೋಡಿಕೊಂಡು, ಅಲ್ಲಿಗಷ್ಟೇ ವಾಪಸ್ ಹೋಗುತ್ತೇನೆ. ಮೂಲ ಚಿತ್ರವೋ ಪ್ರಿಂಟೋ, ಯಾವ ಕಾಗದ, ಯಾವ ಬಣ್ಣ, ಬಿಸಿಲಿಗೆ ತಡೆಯುತ್ತದೆಯೋ ಅಂತ ಕೇಳಿದರೆ ಕಲಾವಿದರು ಬೇಸರ ಮಾಡಿಕೊಳ್ಳುವುದಿಲ್ಲ. ಅವರಿಗೆ ಖುಷಿಯೇ ಆಗುತ್ತದೆ. ನಮ್ಮ ಊಟದ ಮೇಜಿನ ಪಕ್ಕದ ಜಲವರ್ಣ ಹಾಗೆ ಬಂದಿದ್ದು.

ಹಾಲಿನ ದೊಡ್ಡ ಚಿತ್ರ ಮಾತ್ರ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯದು. ಅಲ್ಲಿನ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಯಲ್ಲಿ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ. ಕೆಮ್ಮಣ್ಣು ಬಳಿದ ಹಿನ್ನೆಲೆ, ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆ. ಹುರಿದು ಸೀಯಿಸಿದ ಅಕ್ಕಿಯಿಂದ ಕಪ್ಪು ಮಾಡುತ್ತಾರೆ. ಕುಂಚವೇ ಪುಂಡಿ ನಾರಿನದು. ಈಗ ಕೆಲವರು ಅದನ್ನೇ ಕೈಕಾಗದದ ಮೇಲೂ ಬರೆದುಕೊಡುತ್ತಾರೆ. ಹತ್ತಿರ ಹೋಗಿ ನೋಡಿದರೆ ಒಂದೊಂದು ಗೆರೆಯೂ ನಾರು ಒಣಗುತ್ತಾ ಬಂದ ಕಡೆ ಸಣ್ಣಗಾಗಿ, ಮತ್ತೆ ಅದ್ದಿದ ಕಡೆ ದಪ್ಪಗಾಗಿದೆ. ಇದನ್ನು ಕಣ್ಣೆತ್ತರಕ್ಕೆ ಹಾಕದಿದ್ದರೆ ಈ ಗೆರೆಗಳು ಯಾರಿಗೂ ಕಾಣುತ್ತಿರಲಿಲ್ಲ.

ಕಟ್ಟು ಹಾಕಿಸಲು ಹೋದಾಗ ಅಂಗಡಿಯವರು ದಪ್ಪ ಬಂಗಾರದ ಬೀಡಿಂಗ್ ತೋರಿಸಿದರು.

“ಇದು ಹಾಕಿದ್ರೆ ರಿಚ್ ಆಗಿ ಕಾಣುತ್ತೆ ಮೇಡಂ.”

“ಬೇಡ ಅಣ್ಣಾ, ಚಿತ್ತಾರಕ್ಕೆ ಅದರದ್ದೇ ಅಂಚಿದೆ ನೋಡಿ. ತೆಳ್ಳಗಿನ ತೇಗದ ಕಟ್ಟು ಸಾಕು. ಗ್ಲಾಸು ಕಾಗದಕ್ಕೆ ತಾಗಬಾರದು.”

ಕೊನೇ ಮಾತೇ ಮುಖ್ಯ. ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿಗಳಲ್ಲಿ ಚಿತ್ರವನ್ನು ಗಾಜಿಗೆ ಒತ್ತಿ ಹಿಂದಿನಿಂದ ಹಲಗೆ ಹೊಡೆಯುವುದು ರೂಢಿ. ಪ್ರಿಂಟಿಗೆ ಹೇಗೋ ನಡೆಯುತ್ತದೆ. ಕೈಯಲ್ಲಿ ಬರೆದಿದ್ದಕ್ಕೆ ನಡೆಯುವುದಿಲ್ಲ. ಮಳೆಗಾಲದಲ್ಲಿ ಗಾಜಿನ ಒಳಗೆ ತೇವ ಕೂತರೆ ಬಣ್ಣ ಗಾಜಿಗೇ ಅಂಟುತ್ತದೆ. ನಡುವೆ ಚಿತ್ರದ ಸುತ್ತ ಅಂಚಿನ ಹಾಗೆ ಕೂರುವ ದಪ್ಪ ರಟ್ಟು, ಅಂದರೆ ಮೌಂಟ್ ಬೋರ್ಡು ಇರಲೇಬೇಕು, ಅದೂ ಆಸಿಡ್ ಇಲ್ಲದ್ದು. ಇದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ದಂಡ ಅಲ್ಲ.

ಮೈಸೂರು ಶೈಲಿಯ ಸರಸ್ವತಿ ಚಿತ್ರದ ವಿಷಯದಲ್ಲಿ ನಮ್ಮತ್ತೆಗೂ ನನಗೂ ಮಾತುಕತೆಯೇ ನಡೆಯಿತು. “ದೇವರ ಪಟ ಹಾಲಲ್ಲಿ ಯಾಕಮ್ಮಾ, ದೇವರ ಮನೇಲಿ ಇರ್ಲಿ” ಅಂದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ದೀಪದ ಎಣ್ಣೆ ಜಿಡ್ಡು, ಊದುಬತ್ತಿ ಹೊಗೆ ದಿನಾ ತಾಗಿದರೆ ಚಿನ್ನದ ರೇಕಿನ ಕೆಲಸ ಮಂಕಾಗುತ್ತದೆ. “ಅತ್ತೆ, ಅಲ್ಲಿ ಪ್ರಿಂಟ್ ಇಡೋಣ, ಅದಕ್ಕೆ ಅರಿಶಿನ ಕುಂಕುಮ ಹಚ್ಚಬಹುದು. ಇದನ್ನ ನಿಮ್ಮ ಕುರ್ಚಿ ಎದುರಿಗೇ ಹಾಕ್ತೀನಿ” ಅಂದೆ. ಒಪ್ಪಿದರು. ಈ ಚಿತ್ರಕ್ಕೆ ಎತ್ತರಕ್ಕಿಂತ ಬೆಳಕಿನದೇ ಹೆಚ್ಚು ಕೆಲಸ. ತಂಜಾವೂರಿನ ಚಿತ್ರದ ಹಾಗೆ ಇದರಲ್ಲಿ ಚಿನ್ನದ ಕೆಲಸದ ಉಬ್ಬು ದಪ್ಪಗಿರುವುದಿಲ್ಲ, ತೀರಾ ನವಿರು. ಎದುರಿನಿಂದ ಲೈಟು ಬಿಟ್ಟರೆ ಚಿನ್ನವೆಲ್ಲ ಬರೀ ಹಳದಿ. ಪಕ್ಕದ ಕಿಟಕಿಯಿಂದ ಓರೆಯಾಗಿ ಬೆಳಕು ಬಿದ್ದಾಗ ಸೀರೆಯ ಅಂಚಿನ ಒಂದೊಂದು ಚುಕ್ಕಿಯೂ ಎದ್ದು ಕಾಣುತ್ತದೆ. ಹಾಗಂತ ನೇರ ಬಿಸಿಲು ಬೀಳಬಾರದು. ಉತ್ತರದ ಕಿಟಕಿಯ ಪಕ್ಕದ ಗೋಡೆ ಹುಡುಕಿ ಹಾಕಿದೆ.

ಮೊಳೆ ಹೊಡೆಯುವ ಮೊದಲು ಚಿತ್ರದ ಅಳತೆಗೆ ದಿನಪತ್ರಿಕೆ ಕತ್ತರಿಸಿ, ಮಾಸ್ಕಿಂಗ್ ಟೇಪಿನಲ್ಲಿ ಗೋಡೆಗೆ ಅಂಟಿಸಿ, ಕೆಲವು ದಿನ ಬಿಡುತ್ತೇನೆ. ಓಡಾಡುವಾಗ ಭುಜ ತಾಗುತ್ತದೆಯೋ, ಬಾಗಿಲು ತೆಗೆದರೆ ಮರೆಯಾಗುತ್ತದೆಯೋ, ಸಂಜೆ ಬಿಸಿಲು ಎಲ್ಲಿಯವರೆಗೆ ಬರುತ್ತದೋ ಎಲ್ಲ ಗೊತ್ತಾಗುತ್ತದೆ.

ಇಟ್ಟಿಗೆ ಗೋಡೆಗೆ ಬರೀ ಮೊಳೆ ಹೊಡೆದರೆ ಅದು ಹೆಚ್ಚಾಗಿ ಗಾರೆಯಲ್ಲೇ ನಿಲ್ಲುತ್ತದೆ. ಭಾರದ ಚಿತ್ರ ಅದರಲ್ಲಿ ನಿಲ್ಲುವುದಿಲ್ಲ. 6 ಎಂಎಂ ಡ್ರಿಲ್ ಬಿಟ್ಟಿನಲ್ಲಿ ಸುಮಾರು 4 ಸೆಂಟಿಮೀಟರ್ ಆಳ ಕೊರೆದು, ಸ್ಕ್ರೂ ಹಿಡಿಯುವ ಪ್ಲಾಸ್ಟಿಕ್ ಪ್ಲಗ್ ಕೂರಿಸಿ, ಸ್ಕ್ರೂ ಹಾಕಬೇಕು. ಹೊಸ ಅಪಾರ್ಟ್‌ಮೆಂಟುಗಳ ಕಾಂಕ್ರೀಟ್ ಗೋಡೆಗೆ ಹ್ಯಾಮರ್ ಡ್ರಿಲ್ಲೇ ಆಗಬೇಕು. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಅಕ್ಕಪಕ್ಕ ಮಾತ್ರ ಕೊರೆಯಲೇಬೇಡಿ, ಒಳಗೆ ವೈರು ಹೋಗಿರುತ್ತದೆ.

ಎರಡು ಸ್ಕ್ರೂ ಒಂದೇ ಮಟ್ಟಕ್ಕೆ ಬರುವುದೇ ಕಷ್ಟ, ಅಲ್ವಾ? ಕಟ್ಟಿನ ಹಿಂದೆ ಎರಡು ಉಂಗುರಗಳ ಮೇಲೆ ಅಡ್ಡಲಾಗಿ ಟೇಪು ಅಂಟಿಸಿ. ಸ್ಕ್ರೂ ಕೂರುವ ಜಾಗಕ್ಕೆ ಪೆನ್ನಿನಲ್ಲಿ ಚುಕ್ಕಿ ಇಡಿ. ಆ ಟೇಪನ್ನೇ ಕಿತ್ತು ಗೋಡೆಗೆ ಅಂಟಿಸಿ, ರಸಮಟ್ಟ ಇಟ್ಟು ನೇರ ಮಾಡಿ, ಚುಕ್ಕಿಯ ಮೇಲೇ ಕೊರೆಯಿರಿ. ಕೆಳಗೆ ಒಂದು ಹಳೇ ಲಕೋಟೆ ಬಾಯಿ ತೆರೆದು ಅಂಟಿಸಿದರೆ ಧೂಳೆಲ್ಲ ಅದಕ್ಕೇ ಬೀಳುತ್ತದೆ. ಬಾಡಿಗೆ ಮನೆಯಲ್ಲಿ ಓನರ್ ತೂತು ಬೇಡ ಅಂದರೆ ಶೆಲ್ಫಿನ ಮೇಲೆ ಗೋಡೆಗೆ ಒರಗಿಸಿಡಿ. ಚೆನ್ನಾಗೇ ಕಾಣುತ್ತದೆ.

ಮಳೆ ಹೊಡೆಯುವ ಹೊರಗೋಡೆಗೆ, ಬಚ್ಚಲುಮನೆಗೆ ಅಂಟಿದ ಗೋಡೆಗೆ ನಾನು ಕಾಗದದ ಚಿತ್ರ ಹಾಕುವುದಿಲ್ಲ. ಉಳಿದ ಕಡೆಯೂ ಕಟ್ಟಿನ ಕೆಳಗಿನ ಎರಡು ಮೂಲೆಗೆ ಹಿಂದೆ ಕಾರ್ಕಿನ ಚೂರು ಅಂಟಿಸುತ್ತೇನೆ. ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ, ಬೂಷ್ಟು ಹಿಡಿಯುವುದು ಕಮ್ಮಿ. ಗಾಜು ಒರೆಸುವಾಗ ನೀರನ್ನು ಬಟ್ಟೆಗೆ ಚಿಮುಕಿಸಿ. ಗಾಜಿಗೇ ಹೊಡೆದರೆ ಅಂಚಿನಿಂದ ಇಳಿದು ಮೌಂಟಿಗೆ ಹೋಗುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಎಲ್ಲವನ್ನೂ ಇಳಿಸಿ ಹಿಂದಿನ ಹಲಗೆ ನೋಡುತ್ತೇನೆ. ಬೆಳ್ಳಿಹುಳ ಹೊಕ್ಕ ಗುರುತೋ, ಕಂದು ಕಲೆಯೋ ಕಂಡರೆ ಅದೇ ವಾರ ಅಂಗಡಿಗೆ ಒಯ್ದು ಕಟ್ಟು ಬಿಚ್ಚಿಸುತ್ತೇನೆ.